ಹೊಂಡ ಹೊರುವಷ್ಟೇ ಮೀನು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಗಾಳ ಹಾಕುವ ಖುಷಿಗೆಂದೇ ಸ್ವಂತ ಹೊಂಡದಲ್ಲಿ ಮೀನು ಬಿಟ್ಟಿರುವ, ಬಿಡಬೇಕೆಂದಿರುವ ಪುಣೆ, ಮುಂಬಯಿ, ಗೋವಾದ ಓದುಗರ ಪತ್ರಗಳಿಗೆ ಈ ಸಲ ಉತ್ತರ. ಲೆಕ್ಕವೆಲ್ಲ ಗುಂಟೆಯಲ್ಲಿದೆ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಮೀನುಗಾರಿಕೆ ಇಲಾಖೆಯ ಕೈಪಿಡಿಯಲ್ಲಿ ಹೆಕ್ಟೇರಿಗೆ ಇಂತಿಷ್ಟು ಕಿಲೋ ಎಂದಿದ್ದರೆ 100ರಿಂದ ಭಾಗಿಸಿ, ಗುಂಟೆಯ ಪ್ರಮಾಣ ಸಿಗುತ್ತದೆ.

ಪ್ರಶ್ನೆ: ನಾವಿರುವುದು ಪುಣೆಯ ಕೋಥ್ರೂಡಿನಲ್ಲಿ. ಶಿರೂರ್ ತಾಲ್ಲೂಕಿನ ಜಮೀನಿನಲ್ಲಿ 30×30 ಮೀಟರಿನ, 3 ಮೀಟರ್ ಆಳದ, ಪ್ಲಾಸ್ಟಿಕ್ ಹಾಸಿದ ಶೇತತಳೆ (ಕೃಷಿ ಹೊಂಡ) ಇದೆ. ಭಾನುವಾರ ಮೊಮ್ಮಕ್ಕಳ ಜೊತೆ ಗಾಳ ಹಾಕಿ ಒಳ್ಳೆಯ ಗಾತ್ರದ ಮೀನು ಹಿಡಿಯಬೇಕೆಂಬ ಆಸೆ. ಮರಿ ಮಾರುವವರು 5,000 ಹಾಕಿ ಎನ್ನುತ್ತಾರೆ. ಅಷ್ಟು ಬೇಕೇ? ಯಾವ ಜಾತಿ ಒಳ್ಳೆಯದು? — ಕೋಥ್ರೂಡ್, ಪುಣೆ

ಉತ್ತರ: 5,000 ಬೇಡವೇ ಬೇಡ. ಹೊಂಡಕ್ಕೆ ತಲೆ ಎಣಿಸಲು ಬರುವುದಿಲ್ಲ, ಅದು ಹೊರುವುದು ತೂಕವನ್ನು. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದ, ಸ್ವಲ್ಪವೇ ಆಹಾರ ಹಾಕುವ ಹೊಂಡ ಗುಂಟೆಗೆ 15ರಿಂದ 20 ಕಿಲೋ ಮೀನನ್ನು ನೆಮ್ಮದಿಯಾಗಿ ಸಾಕುತ್ತದೆ. ನಿಮ್ಮದು ತುಂಬಿದಾಗ 9 ಗುಂಟೆ, ಅಂದರೆ ಸುಮಾರು 150 ಕಿಲೋ. ಅದನ್ನು 5,000 ಮೀನಿಗೆ ಹಂಚಿದರೆ ಒಂದೊಂದರ ಪಾಲಿಗೆ 30 ಗ್ರಾಂ. ವರ್ಷಗಟ್ಟಲೆ ಕಾದರೂ ಬೆರಳುದ್ದದ ಮೀನೇ ಗಾಳಕ್ಕೆ ಸಿಗುತ್ತದೆ. ಅದೇ 150 ಕಿಲೋವನ್ನು 80 ಮೀನಿಗೆ ಹಂಚಿದರೆ ಹೆಚ್ಚುಕಡಿಮೆ ಎರಡು ಕಿಲೋದ ಮೀನುಗಳು.

ಲೆಕ್ಕ ಹಾಕುವಾಗ ಅಕ್ಟೋಬರಿನ ತುಂಬಿದ ಹೊಂಡವನ್ನು ನೋಡಬೇಡಿ, ಮೇ ತಿಂಗಳಿನದನ್ನು ನೋಡಿ. ಬದುವಿನ ಇಳಿಜಾರು ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ) ಇದ್ದರೆ ನಿಮ್ಮ ಹೊಂಡದ ತಳ 24×24 ಮೀಟರ್, ತುಂಬಿದಾಗ ಹಿಡಿಯುವುದು ಸುಮಾರು 2,196 ಘನ ಮೀಟರ್ ನೀರು. ಬೆಳೆಗೆ ಹರಿಸಿ, ಬಿಸಿಲಿಗೆ ಆರಿ ನೀರು ಒಂದೂವರೆ ಮೀಟರಿಗೆ ಇಳಿದಾಗ ಉಳಿಯುವುದು 976 ಘನ ಮೀಟರ್. ಆಳ ಅರ್ಧವಾದರೆ ನೀರು ಅರ್ಧಕ್ಕಿಂತಲೂ ಕಡಿಮೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಹೊಂಡಕ್ಕೆ ಅತಿ ಕಷ್ಟದ ದಿನಗಳಲ್ಲೂ ಬದುಕಿ ಉಳಿಯುವಷ್ಟು ಮೀನು ಮಾತ್ರ ನಿಮ್ಮದು. ಆದ್ದರಿಂದ 120 ಮರಿ ಬಿಡಿ. ಅದರಲ್ಲಿ ಕಾಲು ಭಾಗ ಹಕ್ಕಿಗೆ, ಹಾವಿಗೆ, ಪ್ರಯಾಣದ ಸುಸ್ತಿಗೆ ಹೋಗುತ್ತದೆಂದು ಇಟ್ಟುಕೊಳ್ಳಿ. ಒಂದೂವರೆ ಮೀಟರಿಗಿಂತ ಕೆಳಗೆ ಪಂಪು ಓಡಿಸುವುದಿಲ್ಲ ಎಂದು ಮನೆಯಲ್ಲಿ ಈಗಲೇ ಮಾತಾಗಲಿ. ಹೊಂಡದ ಒಳಮೈಗೆ ಒಂದು ಗುರುತು ಹಾಕಿಡಿ.

ಜಾತಿಗೆ ಬಂದರೆ, ರೋಹು 50, ಕಾಟ್ಲಾ 35, ಸಾಮಾನ್ಯ ಗೆಂಡೆ 30, ಹುಲ್ಲುಗೆಂಡೆ 5. ಕಾಟ್ಲಾ ಮೇಲುನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಗೆಂಡೆ ತಳದಲ್ಲಿ. ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದು ಕಡಿಮೆ. ಗಾಳಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಬೀಳುವುದು ಗೆಂಡೆ, ಮಹಾರಾಷ್ಟ್ರದಲ್ಲಿ ಸಾಯಪ್ರಿನಸ್ ಎನ್ನುತ್ತಾರೆ. ಮಕ್ಕಳ ಕೈಗೂ ಸಿಗುತ್ತದೆ. ಮಣ್ಣಿನ ಕೆರೆಯಲ್ಲಿ ಅದು ಬದು ಕೆದಕಿ ನೀರನ್ನು ರಾಡಿ ಮಾಡುತ್ತದೆ, ಗಿಡಗಂಟಿಗೆ ಮೊಟ್ಟೆಯಿಟ್ಟು ಸಂತಾನವನ್ನೂ ಬೆಳೆಸುತ್ತದೆ. ಪ್ಲಾಸ್ಟಿಕ್ ಹೊಂಡದಲ್ಲಿ ಈ ಎರಡು ತೊಂದರೆಯೂ ಕಡಿಮೆ. ಸಿಕ್ಕರೆ ಅಮೂರ್ ತಳಿಯನ್ನೇ ತನ್ನಿ. ಹಂಗೇರಿಯಿಂದ ತರಿಸಿ ಬೆಂಗಳೂರಿನ ಹೆಸರಘಟ್ಟದಲ್ಲಿ ಪರೀಕ್ಷಿಸಿದ ತಳಿ ಅದು. ಹಳೆಯ ತಳಿಗಿಂತ ಬೇಗ ಬೆಳೆಯುತ್ತದೆ, ಬೇಗ ಮೊಟ್ಟೆಗೆ ಬರುವುದಿಲ್ಲ.

ಮರಿಯ ಗಾತ್ರ ಕನಿಷ್ಠ 4 ಅಂಗುಲ. ಮಳೆಗಾಲದ ಮೊದಲಲ್ಲಿ ಸಿಗುವ ಒಂದು ಅಂಗುಲದ ಮರಿ ಅಗ್ಗ, ಆದರೆ ಅದರಲ್ಲಿ ಎಷ್ಟು ಬದುಕುತ್ತದೆಂಬ ಲೆಕ್ಕ ನಿಮ್ಮ ಕೈಯಲ್ಲಿರುವುದಿಲ್ಲ. ಲೆಕ್ಕವೇ ಮುಖ್ಯವಾದ ಹೊಂಡಕ್ಕೆ ದೊಡ್ಡ ಮರಿಯೇ ಸರಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿಡಿ, ಚಳಿಗೆ ಮುನ್ನ ಮೈಹಿಡಿಯಲು ಎರಡು ತಿಂಗಳು ಸಿಗುತ್ತದೆ.

ಪ್ಲಾಸ್ಟಿಕ್ ಹೊಂಡದ ದೊಡ್ಡ ಕೊರತೆ ಮಣ್ಣಿಲ್ಲದಿರುವುದು. ಮಣ್ಣಿನಿಂದ ಬರಬೇಕಾದ ಸತ್ವ ಬರುವುದಿಲ್ಲ, ನೀರು ಹಸಿರಾಗುವುದಿಲ್ಲ, ಕಾಟ್ಲಾಗೆ ಮೇವಿರುವುದಿಲ್ಲ. ಅದಕ್ಕೆ ಡ್ರಮ್ಮಿನಲ್ಲಿ ರಸ ಮಾಡಿ ಹಾಕಬೇಕು. 200 ಲೀಟರ್ ಡ್ರಮ್ಮಿಗೆ ಹಸಿ ಸಗಣಿ 20 ಕಿಲೋ, ಶೇಂಗಾ ಹಿಂಡಿ 4 ಕಿಲೋ, ಸೂಪರ್ ಫಾಸ್ಫೇಟ್ 2 ಕಿಲೋ, ಉಳಿದಷ್ಟು ನೀರು. ಮೂರು ದಿನ ದಿನಕ್ಕೆರಡು ಬಾರಿ ಕಲಕಿ, ಗೋಣಿತಾಟಿನಲ್ಲಿ ಸೋಸಿ, ರಸವನ್ನು ಮಾತ್ರ ಬೆಳಗಿನ ಬಿಸಿಲಿನಲ್ಲಿ ಸುತ್ತಲೂ ಚೆಲ್ಲಿ. ಚರಟ ಗಿಡದ ಬುಡಕ್ಕೆ ಹೋಗಲಿ. ಹೊಂಡದ ತಳದಲ್ಲಿ ಅದು ಕೊಳೆತು ಕಪ್ಪು ಕೆಸರಾಗುತ್ತದೆ. 15 ದಿನಕ್ಕೊಮ್ಮೆ ಹೀಗೆ ಮಾಡಿ, ನೀರು ತಿಳಿ ಹಸಿರಾದ ಕೂಡಲೇ ನಿಲ್ಲಿಸಿ. ಗುರುತು ಹಿಡಿಯಲು ನಿಮ್ಮ ಕೈಯೇ ಸಾಕು. ಅಂಗೈ ಚಾಚಿ ನೀರಿಗಿಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಹದ. ಮಣಿಕಟ್ಟು ಮುಳುಗುವಷ್ಟರಲ್ಲೇ ಮಾಯವಾದರೆ ಹಸಿರು ಅತಿಯಾಗಿದೆ, ಏನನ್ನೂ ಹಾಕಬೇಡಿ.

ಇದಲ್ಲದೆ ತೇಲುವ ಪೆಲೆಟ್ ಆಹಾರವನ್ನು ಮೀನಿನ ಒಟ್ಟು ತೂಕದ ನೂರಕ್ಕೆ ಒಂದರಂತೆ ಹಾಕಿ. ದಿನವೂ ಒಂದೇ ಜಾಗ, ಒಂದೇ ಹೊತ್ತು. 20 ನಿಮಿಷದಲ್ಲಿ ಮುಗಿಯದಿದ್ದರೆ ಮರುದಿನ ಅರ್ಧ ಹಾಕಿ. ತೌಡು–ಹಿಂಡಿಯ ಉಂಡೆ ಅಗ್ಗವೇ, ಆದರೆ ಮೀನು ತಿಂದಿತೋ ಇಲ್ಲವೋ ಕಾಣುವುದಿಲ್ಲ. ಪೆಲೆಟ್ ಕಣ್ಣೆದುರೇ ತೇಲುತ್ತದೆ.

ಕೊನೆಯದು, ಮೊಮ್ಮಕ್ಕಳ ಮಾತು ಬಂದಿದ್ದರಿಂದ ಎಲ್ಲಕ್ಕಿಂತ ಮುಖ್ಯ. ಒದ್ದೆ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲವರೂ ಮೇಲೆ ಬರಲಾರರು. ನಾಲ್ಕೂ ಬದಿಗೆ ಗಂಟುಹಾಕಿದ ದಪ್ಪ ಹಗ್ಗವನ್ನು ಮೇಲೆ ಗೂಟಕ್ಕೆ ಬಿಗಿದು ತಳದವರೆಗೂ ಇಳಿಬಿಡಿ. ಒಂದು ಕಡೆ ಹಳೆಯ ಟೈರುಗಳನ್ನು ಹಗ್ಗದಲ್ಲಿ ಪೋಣಿಸಿ ಮೆಟ್ಟಿಲು ಮಾಡಿ. ಸುತ್ತ ಬೇಲಿ ಇರಲಿ, ಬೀಗವಿರುವ ಗೇಟಿರಲಿ. ಗಾಳ ಹಾಕಲು ಕಟ್ಟೆಯ ಮೇಲೆ ಹಿಡಿದುಕೊಳ್ಳಲು ಕಂಬಿ ಇರುವ ಹಲಗೆಯ ಜಾಗ ಮಾಡಿ, ಇಳಿಜಾರಿಗೆ ಯಾರೂ ಕಾಲಿಡುವಂತಾಗಬಾರದು. ಇಷ್ಟೂ ಆಗುವವರೆಗೆ ಮರಿ ತರುವುದನ್ನು ಮುಂದಕ್ಕೆ ಹಾಕಿ.

ಪ್ರಶ್ನೆ: ರಜೆಗೆ ಭದ್ರಾವತಿ ಕಡೆ ಹೋದಾಗ ಅಲ್ಲಿಂದಲೇ ಮೀನುಮರಿ ಕಾರಿನಲ್ಲಿ ಪುಣೆಗೆ ತರಬಹುದೇ? ಹೋದ ವರ್ಷ ತಂದವು ಹೊಂಡಕ್ಕೆ ಬಿಟ್ಟ ಮೂರನೇ ದಿನ ತೇಲಿದವು. — ಪಿಂಪ್ರಿ-ಚಿಂಚವಾಡ

ಉತ್ತರ: ತರಬಹುದು, ಆದರೆ ಹತ್ತಿರದಲ್ಲಿ ಸಿಗುವುದಾದರೆ ಅಷ್ಟು ದೂರದ ಪ್ರಯಾಣ ಮರಿಗೆ ಶಿಕ್ಷೆ. ತರಲೇಬೇಕೆಂದರೆ ಹಿಂದಿನ 24 ಗಂಟೆ ಮರಿಗಳಿಗೆ ಆಹಾರ ಹಾಕದೆ ಹಾಪಾದಲ್ಲಿ (ನೀರಿನಲ್ಲಿ ಕಟ್ಟಿದ ಬಲೆಯ ತೊಟ್ಟಿಯಲ್ಲಿ) ಇಟ್ಟಿರಲು ಮರಿ ಮಾರುವ ಕೇಂದ್ರದವರಿಗೆ ಮೊದಲೇ ಹೇಳಿ. ಹೊಟ್ಟೆ ತುಂಬಿದ ಮರಿ ಚೀಲದಲ್ಲಿ ಹೇತು ಅಮೋನಿಯಾ ಏರಿಸುತ್ತದೆ. ದಾರಿಯಲ್ಲಿ ಸಾಯದಿದ್ದರೂ ಕಿವಿರು ಸುಟ್ಟಂತಾಗಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ. 6 ಲೀಟರ್ ನೀರಿರುವ ಚೀಲಕ್ಕೆ 4 ಅಂಗುಲದ ಮರಿ 30ಕ್ಕಿಂತ ಹೆಚ್ಚು ತುಂಬಿಸಬೇಡಿ. ರಾತ್ರಿ ಹೊರಡಿ, ಚೀಲವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒದ್ದೆ ಗೋಣಿ ಹೊದಿಸಿ.

ಬಂದ ಕೂಡಲೇ ಸುರಿಯುವುದು ಇನ್ನೊಂದು ತಪ್ಪು. ಕಟ್ಟಿದ ಚೀಲವನ್ನು 20 ನಿಮಿಷ ಹೊಂಡದಲ್ಲಿ ತೇಲಿಬಿಡಿ, ಶಾಖ ಸಮವಾಗಲಿ. ಬಿಚ್ಚಿ, ಹೊಂಡದ ನೀರನ್ನು ಲೋಟ ಲೋಟವಾಗಿ ಕಾಲು ಗಂಟೆ ಸೇರಿಸಿ. ಆಮೇಲೆ ಮರಿಗಳನ್ನು ಜಾಳಿಗೆಯಲ್ಲಿ ಎತ್ತಿ, 10 ಲೀಟರ್ ನೀರಿಗೆ 300 ಗ್ರಾಂ ಕಲ್ಲುಪ್ಪು ಕರಗಿಸಿದ ಬಕೆಟ್ಟಿನಲ್ಲಿ ಒಂದೆರಡು ನಿಮಿಷ ಅದ್ದಿ, ಹೊಂಡಕ್ಕೆ ಬಿಡಿ. ಮರಿ ಮಗ್ಗುಲಾದರೆ ಆ ಕ್ಷಣವೇ ಎತ್ತಬೇಕು. ಚೀಲದ ನೀರನ್ನು ಹೊಂಡಕ್ಕೆ ಸುರಿಯಬೇಡಿ, ರೋಗವೂ ಬೇಡದ ಮರಿಯೂ ಬರುವುದು ಅದರಲ್ಲೇ. ಅದ್ದುವಾಗ ಒಂದೊಂದನ್ನೂ ನೋಡಿ. ತಲೆ ದೊಡ್ಡದು, ಬಾಯಿ ಮೇಲ್ಮುಖ ಇದ್ದರೆ ಕಾಟ್ಲಾ. ತುಟಿಗೆ ಜಾಲರಿ ಅಂಚಿದ್ದರೆ ರೋಹು. ಮೀಸೆ ಇದ್ದು ಮೈಮೇಲೆ ಹುರುಪೆ ಇಲ್ಲದ ಕಪ್ಪು ಮರಿ ಕಂಡರೆ ಎತ್ತಿ ಹೊರಗಿಡಿ. ಆಫ್ರಿಕನ್ ಮಾಗೂರ್ ಇರಬಹುದು. ಅದನ್ನು ಸಾಕುವುದು ದೇಶದಲ್ಲಿ ನಿಷಿದ್ಧ, ಹೊಂಡದಲ್ಲಿ ಒಂದಿದ್ದರೂ ಉಳಿದ ಮೀನಿಗೆ ಉಳಿಗಾಲವಿಲ್ಲ.

ಪ್ರಶ್ನೆ: ನಾನು ಡೊಂಬಿವಲಿಯವನು. ಕರ್ಜತ್ ಬಳಿ ತೋಟದಲ್ಲಿ 20 ಗುಂಟೆಯ ಮಣ್ಣಿನ ಕೆರೆ ಇದೆ, ಐದಾರು ವರ್ಷದ ರೋಹು–ಕಾಟ್ಲಾಗಳಿವೆ. ಜೂನಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ದೊಡ್ಡ ದೊಡ್ಡ ಮೀನುಗಳೇ ಸತ್ತು ತೇಲುತ್ತವೆ. ಎರಡು ವರ್ಷದಿಂದ ಹೀಗೆ. ಯಾರೋ ವಿಷ ಹಾಕಿದರೆಂದು ಕಾವಲುಗಾರ ಹೇಳುತ್ತಾನೆ. — ಡೊಂಬಿವಲಿ, ಮುಂಬಯಿ

ಉತ್ತರ: ಯಾರ ಮೇಲೂ ಅನುಮಾನಪಡುವ ಮೊದಲು ಮೂರು ಸಂಗತಿ ನೋಡಿ. ವಿಷವಾದರೆ ಹೊತ್ತು ಗೊತ್ತಿಲ್ಲದೆ ಸಾಯುತ್ತವೆ, ಸಣ್ಣ ಮೀನೂ ಕಪ್ಪೆಯೂ ನೀರುಹುಳವೂ ಸೇರಿ ಸಾಯುತ್ತವೆ. ಆಮ್ಲಜನಕದ ಕೊರತೆಯಾದರೆ ಬೆಳಗಿನ ಜಾವ 3ರಿಂದ 6ರೊಳಗೆ ಸಾಯುತ್ತವೆ, ದೊಡ್ಡವೇ ಮೊದಲು ಹೋಗುತ್ತವೆ, ಸಣ್ಣವು ಅಂಚಿಗೆ ಬಂದು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತವೆ, ಬಿಸಿಲೇರಿದ ಮೇಲೆ ಕೆಳಗಿಳಿಯುತ್ತವೆ. ನೀವು ಬರೆದಿರುವುದು ಎರಡನೆಯದು.

ಏಕೆ ಹೀಗಾಗುತ್ತದೆಂದರೆ, ಹಗಲು ನೀರಿನ ಹಸಿರು ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಹಸಿರು ಆಮ್ಲಜನಕವನ್ನು ಉಸಿರಾಡುತ್ತದೆ. ಮೇ ಕೊನೆಗೆ ನಿಮ್ಮ ಕೆರೆಯಲ್ಲಿ ನೀರು ತಳ ಕಂಡಿರುತ್ತದೆ, ಹಸಿರು ಗಟ್ಟಿಯಾಗಿರುತ್ತದೆ, ಮೀನಿನ ತೂಕ ವರ್ಷದಲ್ಲೇ ಅತಿ ಹೆಚ್ಚಿರುತ್ತದೆ. ಮಳೆಗೆ ಮುಂಚೆ ಎರಡು ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆ ನಿಲ್ಲುತ್ತದೆ, ರಾತ್ರಿಯ ಖರ್ಚು ನಡೆದೇ ಇರುತ್ತದೆ. ಆ ಮೇಲೆ ಬೀಳುವ ತಣ್ಣನೆಯ ಮಳೆನೀರು ಭಾರವಾಗಿ ಕೆಳಗಿಳಿದು, ತಳದ ಉಸಿರಿಲ್ಲದ ಕೊಳೆ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗುಡ್ಡದಿಂದ ಎಲೆ, ಸಗಣಿ, ಮಣ್ಣು ಕೊಚ್ಚಿ ಬಂದು ಅವೂ ಕೊಳೆಯುತ್ತ ಆಮ್ಲಜನಕ ತಿನ್ನುತ್ತವೆ. ಎಲ್ಲವೂ ಒಂದೇ ರಾತ್ರಿ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮವಾಗಿರುತ್ತದೆ. 3ಕ್ಕೆ ಇಳಿದರೆ ತಿನ್ನುವುದನ್ನು ಬಿಡುತ್ತದೆ. ಅದಕ್ಕೂ ಕೆಳಗೆ ಹೋದರೆ ಬಾಯಿ ಮೇಲೆ ಬರುತ್ತದೆ. ಹನಿ ಹಾಕಿ ಬಣ್ಣ ನೋಡುವ ಆಮ್ಲಜನಕದ ಕಿಟ್ ಒಂದು ತೋಟದಲ್ಲಿರಲಿ. ಸಂಜೆ ಅಳೆದ ಸಂಖ್ಯೆ ಸಮಾಧಾನ ಕೊಡುತ್ತದೆ, ನಿಜ ಹೇಳುವುದು ಬೆಳಗಿನ ಜಾವದ್ದು.

ಮೀನು ಬಾಯಿ ಮೇಲೆತ್ತಿರುವುದು ಕಂಡರೆ ತಡಮಾಡಬೇಡಿ. ಇರುವ ಪಂಪನ್ನು ಓಡಿಸಿ, ಪೈಪಿನ ತುದಿ ಚಪ್ಪಟೆ ಮಾಡಿ ನೀರನ್ನು ಎತ್ತರಕ್ಕೆ ಚಿಮ್ಮಿಸಿ. ಸೇದುವ ಬಾಯಿ ಮೇಲಿನ ಎರಡು ಅಡಿಯೊಳಗಿರಲಿ. ತಳದಿಂದ ಸೇದಿದರೆ ಇನ್ನಷ್ಟು ಕೊಳೆ ನೀರು ಎಬ್ಬಿಸಿದಂತೆ. ಕೆರೆಯನ್ನೆಲ್ಲ ಸರಿಪಡಿಸುವ ಅಗತ್ಯವಿಲ್ಲ, ಒಂದು ಮೂಲೆಯಲ್ಲಿ ಉಸಿರಾಡುವ ನೀರಿದ್ದರೆ ಮೀನು ಅಲ್ಲಿಗೇ ಬಂದು ಸೇರುತ್ತದೆ. ಸೂರ್ಯ ಚೆನ್ನಾಗಿ ಮೇಲೇರುವವರೆಗೂ ನಿಲ್ಲಿಸಬೇಡಿ. ಬಾವಿ ಇದ್ದರೆ ಅದರ ನೀರನ್ನೂ ಹೀಗೆ ಚಿಮ್ಮಿಸಿಯೇ ಬಿಡಿ, ನೇರ ಬಿಟ್ಟ ಬಾವಿನೀರಿನಲ್ಲಿ ಆಮ್ಲಜನಕ ಕಡಿಮೆ. ಮೂರು ದಿನ ಆಹಾರವಿಲ್ಲ, ಸಗಣಿಯಿಲ್ಲ.

ಮುಂದಿನ ವರ್ಷಕ್ಕೆ ಕೆಲಸ ಏಪ್ರಿಲಿನಲ್ಲೇ ಶುರುವಾಗಬೇಕು. ಬೇಸಿಗೆ ಮಧ್ಯದಿಂದ ಸಗಣಿ ಹಾಕುವುದನ್ನು ನಿಲ್ಲಿಸಿ. ಬಲೆ ಎಳೆಸಿ ತೂಕ ಕಡಿಮೆ ಮಾಡಿ. 20 ಗುಂಟೆಗೆ 400 ಕಿಲೋ ನಿಮ್ಮ ಮಿತಿ. ಐದಾರು ವರ್ಷ ಬರೀ ಹಾಕುತ್ತ ಬಂದ ಕೆರೆಯಲ್ಲಿ ಅದು ಯಾವಾಗಲೋ ದಾಟಿರುತ್ತದೆ. ಸಾಯುವ ಮೀನನ್ನು ಮೊದಲೇ ಹಿಡಿದು ನೆರೆಹೊರೆಗೆ ಹಂಚುವುದು ಲೇಸು. ಹೆಚ್ಚು ಇಟ್ಟುಕೊಳ್ಳಲೇಬೇಕೆಂದಿದ್ದರೆ 1 ಎಚ್‌ಪಿ ಪ್ಯಾಡಲ್ ವ್ಹೀಲ್ ಏರೇಟರ್ ಹಾಕಿ, ಅದು ಸುಮಾರು 400–500 ಕಿಲೋ ಮೀನಿಗೆ ಸಾಲುತ್ತದೆ. ಮೋಡದ ದಿನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಓಡಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಗೊತ್ತೇ ಇದೆ, ಡೀಸೆಲ್ ಪಂಪು ಸಿದ್ಧವಿರಲಿ. ಗುಡ್ಡದ ನೀರು ನೇರ ಕೆರೆಗೆ ನುಗ್ಗದಂತೆ ಮೇಲ್ಬದಿಯಲ್ಲಿ ಕಾಲುವೆ ತೋಡಿ, ಮೊದಲ ಎರಡು ಮಳೆಯ ನೀರನ್ನು ಹೊರಗೆ ಹರಿಯಗೊಡಿ. ಕೋಡಿಗೆ ಜಾಳಿಗೆ ಕಟ್ಟುವುದಾದರೆ ಅಗಲವಾಗಿ, ಓರೆಯಾಗಿ ಕಟ್ಟಿ. ಕಿರಿದಾದ ಜಾಳಿಗೆ ಎಲೆ ಕಟ್ಟಿಕೊಂಡು ನೀರು ಬದುವಿನ ಮೇಲೇ ಹಾರುತ್ತದೆ, ಮೀನಿನ ಜೊತೆ ಬದುವೂ ಹೋಗುತ್ತದೆ.

ಪ್ರಶ್ನೆ: ನಾವು ಮೂಲತಃ ಗದಗದವರ್ರಿ, ಈಗ ಗೋವಾದಾಗ ಅದೀವಿ. ಫೋಂಡಾ ಹತ್ರ ಹತ್ತು ಗುಂಟೆ ಕೆರಿ ಐತಿ. ಯಾರೋ ಚಿಲಾಪಿ (ತಿಲಾಪಿಯಾ) ಬಿಟ್ಟಿದ್ರು, ಈಗ ಗಾಳ ಹಾಕಿದ್ರ ಅಂಗೈಯಷ್ಟರ ಚಿಲಾಪಿ ಬಿಟ್ಟು ಬ್ಯಾರೆ ಏನೂ ಸಿಗವಲ್ದು. ಚೊಣಕ್ ಬಿಟ್ರ ಚಿಲಾಪಿ ತಿಂದು ಖಾಲಿ ಮಾಡ್ತಾವಂತಾರ. ಖರೇನ ಏನ್ರಿ? — ಫೋಂಡಾ, ಗೋವಾ

ಉತ್ತರ: ಅರ್ಧ ಖರೆ. ಚೊಣಕ್, ಮರಾಠಿಯ ಜಿತಾಡಾ, ಚಿಲಾಪಿಯ ಮರಿಗಳನ್ನು ಚೆನ್ನಾಗಿ ತಿನ್ನುತ್ತದೆ; ಆದರೆ ಅಂಗೈ ಅಗಲಕ್ಕೆ ಬೆಳೆದದ್ದನ್ನು ನುಂಗುವಷ್ಟು ದೊಡ್ಡದಾಗಲು ಅದಕ್ಕೆ ಸಮಯ ಬೇಕು. ಚಿಲಾಪಿ ಎರಡು ಮೂರು ತಿಂಗಳಿಗೇ ಸಂತಾನಕ್ಕೆ ಬರುತ್ತದೆ, ತಾಯಿ ಮೊಟ್ಟೆ–ಮರಿಗಳನ್ನು ಬಾಯಲ್ಲೇ ಕಾಯುತ್ತದೆ. ಹಾಗಾಗಿ ಮೊದಲು ನೀವೇ ಕೈ ಹಾಕಬೇಕು. ಏಪ್ರಿಲ್–ಮೇಯಲ್ಲಿ ನೀರು ಅತಿ ಕಡಿಮೆ ಇದ್ದಾಗ ಸಣ್ಣ ಕಣ್ಣಿನ ಬಲೆಯನ್ನು ಮೂರ್ನಾಲ್ಕು ಸಲ ಎಳೆಸಿ. ಕೆರೆ ಪೂರ್ತಿ ಒಣಗಿಸಲು ಆಗುವುದಾದರೆ ಅದಕ್ಕಿಂತ ಉತ್ತಮ ಯಾವುದೂ ಇಲ್ಲ. ತಳ ಬಿರುಕು ಬಿಡುವವರೆಗೆ ಒಣಗಲಿ. ಒಣಗದಿದ್ದರೆ ಹಿಪ್ಪೆ ಹಿಂಡಿ ಗುಂಟೆಗೆ ಒಂದು ಮೀಟರ್ ಆಳಕ್ಕೆ 25 ಕಿಲೋ ಲೆಕ್ಕದಲ್ಲಿ ಹಿಂದಿನ ರಾತ್ರಿ ನೆನೆಸಿ ಚೆಲ್ಲಿ. ಮೀನೆಲ್ಲ ಮೇಲೆ ಬರುತ್ತವೆ, ಎತ್ತಿಬಿಡಿ. ಅದರ ವಿಷ ಇಳಿಯಲು ಮೂರು ವಾರ ಬೇಕು, ಆಮೇಲೆ ಅದೇ ಗೊಬ್ಬರ. ಆ ಮೂರು ವಾರ ಒಂದು ಹನಿ ನೀರೂ ಹಳ್ಳಕ್ಕೆ ಹೋಗಬಾರದು.

ಬಲೆ ಮಾತ್ರ ಎಳೆಸಿ ಚಿಲಾಪಿ ಸ್ವಲ್ಪ ಉಳಿದಿದ್ದರೆ ಅದೇ ಚೊಣಕಿನ ಊಟ. ಅರ್ಧ ಅಡಿಗಿಂತ ದೊಡ್ಡ ಚೊಣಕ್ ಮರಿ ಗುಂಟೆಗೆ 2ರಂತೆ, ಒಟ್ಟು 20 ಬಿಡಿ. ಎಲ್ಲ ಒಂದೇ ಗಾತ್ರದವು ಇರಬೇಕು, ಇಲ್ಲವಾದರೆ ದೊಡ್ಡದು ಚಿಕ್ಕದನ್ನೇ ತಿನ್ನುತ್ತದೆ. ಮರಿ ಉಪ್ಪುನೀರಿನಲ್ಲಿ ಬೆಳೆದದ್ದೇ ಎಂದು ಕೇಳಿ ತಿಳಿದುಕೊಳ್ಳಿ. ಹಾಗಿದ್ದರೆ ತೊಟ್ಟಿಯಲ್ಲಿಟ್ಟು ಎರಡು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಸಿಹಿನೀರು ಬೆರೆಸಿ ಒಗ್ಗಿಸಿದ ಮೇಲೆ ಕೆರೆಗೆ ಬಿಡಿ. ಇದು ಮೊಟ್ಟೆಯಿಡುವುದು ಸಮುದ್ರದ ನೀರಿನಲ್ಲಿ, ನಿಮ್ಮ ಕೆರೆಯಲ್ಲಿ ಸಂಖ್ಯೆ ಏರುವುದಿಲ್ಲ. ಗಾಳದವರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ? ಬಿಟ್ಟದ್ದೆಷ್ಟು, ಹಿಡಿದದ್ದೆಷ್ಟು ಎಂಬ ಲೆಕ್ಕ ಕೊನೆಯವರೆಗೂ ಕೈಯಲ್ಲಿರುತ್ತದೆ. ರೋಹು–ಕಾಟ್ಲಾ ಜೊತೆಗಿಡುವುದಾದರೆ ಅವು ಅರ್ಧ ಕಿಲೋ ದಾಟಿರಲಿ. ಹಿಡಿದಾಗ ಕಿವಿರಿಗೆ ಬೆರಳು ಹಾಕಬೇಡಿ, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ. ತೆಳು ದಾರವನ್ನೂ ಅದೇ ಕತ್ತರಿಸುತ್ತದೆ.

ಪ್ರಶ್ನೆ: ಡಿಚೋಲಿ ಬಳಿ ಚಿರೆಕಲ್ಲು ಕಡಿದ ಹಳೆಯ ಗುಂಡಿಯಲ್ಲಿ ವರ್ಷವಿಡೀ ಗಾಜಿನಂಥ ನೀರು. ಮೀನು ಬಿಟ್ಟು ಎರಡು ವರ್ಷವಾದರೂ ತಲೆ ದೊಡ್ಡದು, ಮೈ ಸಣಕಲು. — ಮಾಪ್ಸಾ, ಗೋವಾ

ಉತ್ತರ: ತಲೆ ದೊಡ್ಡ, ಮೈ ಸಣಕಲು ಎಂದರೆ ಹಸಿವು. ಜಂಬಿಟ್ಟಿಗೆಯ ನೆಲದ ನೀರು ಹುಳಿ. ಕಬ್ಬಿಣದ ಅಂಶ ಗೊಬ್ಬರದ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೂಪರ್ ಫಾಸ್ಫೇಟ್ ಎಷ್ಟು ಹಾಕಿದರೂ ನೀರು ಹಸಿರಾಗುವುದಿಲ್ಲ. ಮೊದಲು ಸುಣ್ಣ, ಆಮೇಲೆ ಗೊಬ್ಬರ. ಪಿಎಚ್ ಕಾಗದದಲ್ಲಿ ನೋಡಿ. 6ಕ್ಕಿಂತ ಕಡಿಮೆ ಇದ್ದರೆ ಗುಂಟೆಗೆ 10 ಕಿಲೋ ಕೃಷಿ ಸುಣ್ಣ, ಒಮ್ಮೆಗೇ ಬೇಡ, ವಾರಕ್ಕೊಮ್ಮೆಯಂತೆ ನಾಲ್ಕು ಕಂತು. ಮೀನಿರುವ ನೀರಿಗೆ ಸುಟ್ಟ ಸುಣ್ಣ ಹಾಕಬಾರದು. ಪಿಎಚ್ 7 ದಾಟಿದ ಹತ್ತು ದಿನಕ್ಕೆ ಮೇಲೆ ಹೇಳಿದ ಸಗಣಿ ರಸ. ಗೋಡೆ ಕಡಿದಾದ ಆಳದ ಗುಂಡಿಯಲ್ಲಿ ಕೆಳಗಿನ ನೀರು ಮೀನಿಗೆ ಉಪಯೋಗವಿಲ್ಲ, ಅಲ್ಲಿ ಬೆಳಕೂ ಇಲ್ಲ, ಉಸಿರೂ ಇಲ್ಲ. ಎಷ್ಟು ಆಳವಿದ್ದರೂ ಮೀನಿನ ಲೆಕ್ಕವನ್ನು ಮೇಲ್ಮೈಯ ಗುಂಟೆಯಲ್ಲೇ ಮಾಡಿ.

ಪ್ರಶ್ನೆ: ಲೋಣಾವಳಾದಲ್ಲಿ ಮಹಶೀರ್ ಮರಿ ಮಾಡುತ್ತಾರಂತೆ. ನೇರಳದ ನಮ್ಮ ಕೆರೆಗೆ ಬಿಡಬಹುದೇ? ದೊಡ್ಡದಾದ ಮೇಲೆ ನದಿಗೆ ಬಿಡುವ ಯೋಚನೆಯೂ ಇದೆ. — ಮುಲುಂಡ್, ಮುಂಬಯಿ

ಉತ್ತರ: ಲೋಣಾವಳಾದ ವಳವಣ ಜಲಾಶಯದ ಬಳಿ ಟಾಟಾ ಪವರ್‌ನವರು 1970ರ ದಶಕದಿಂದ ದಖನ್ನಿನ ಮಹಶೀರ್ ಮರಿ ಮಾಡುತ್ತಿದ್ದಾರೆ. ಆದರೆ ಇದು ಹರಿಯುವ ತಂಪು ನೀರಿನ ಮೀನು. ಆಳವೂ ನೆರಳೂ ಇರುವ, ಬೆಳಗಿನ ಜಾವದಲ್ಲೂ 5 ಮಿಲಿಗ್ರಾಂಗಿಂತ ಆಮ್ಲಜನಕ ಕಡಿಮೆಯಾಗದ ಕೆರೆಯಲ್ಲಿ ಬದುಕುತ್ತದೆ, ಆದರೆ ನಿಧಾನವಾಗಿ ಬೆಳೆಯುತ್ತದೆ. ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ರೋಹು ಉಸಿರಿಗಾಗಿ ಮೇಲೆ ಬರುವ ಕೆರೆಯಲ್ಲಿ ಮಹಶೀರ್ ಅದಕ್ಕೂ ಮೊದಲೇ ಸತ್ತಿರುತ್ತದೆ. ಬಿಟ್ಟರೂ ಒಟ್ಟು ಮೀನಿನ ನೂರಕ್ಕೆ ಹತ್ತರಷ್ಟು ಸಾಕು.

ನದಿಗೆ ಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಮ್ಮ ಕಾವೇರಿಯಲ್ಲಿ ಬೇರೆ ನದಿಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಟ್ಟಿದ್ದರಿಂದ ಅಲ್ಲಿನದೇ ಆದ ಡುಬ್ಬದ ಮಹಶೀರ್ ಮೂಲೆಗುಂಪಾಯಿತು. 2018ರಲ್ಲಿ ಅದು ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಒಳ್ಳೆಯ ಮನಸ್ಸಿನಿಂದಲೇ ಆದ ನಷ್ಟ ಅದು. ಕೆರೆಯ ಮೀನು ಕೆರೆಯಲ್ಲೇ ಇರಲಿ.

ಪ್ರಶ್ನೆ: ಕೊರವ (ಇಲ್ಲಿ ಮರಳ್ ಎನ್ನುತ್ತಾರೆ) ಗಾಳಕ್ಕೆ ತುಂಬ ಚೆನ್ನ ಎಂದು ಐದಾರು ಬಿಟ್ಟೆವು. ಮಳೆಗಾಲ ಮುಗಿದಾಗ ಒಂದೂ ಇಲ್ಲ. — ಮಾವಳ, ಪುಣೆ

ಉತ್ತರ: ನಡೆದುಕೊಂಡು ಹೋಗಿವೆ. ಕೊರವ ಗಾಳಿಯನ್ನೇ ಉಸಿರಾಡುವ ಮೀನು, ಒದ್ದೆ ಹುಲ್ಲಿನ ಮೇಲೆ ತೆವಳಿ ಪಕ್ಕದ ಗದ್ದೆಗೆ ಹೋಗುತ್ತದೆ. ಸುತ್ತಲೂ ಒಂದು ಮೀಟರ್ ಎತ್ತರದ ಬಲೆ ಕಟ್ಟಿ, ಅದರ ಬುಡವನ್ನು ಮಣ್ಣಿನಲ್ಲಿ ಹೂಳಿ. ಕೆರೆಯ ಅಂಚಿನಲ್ಲಿ ಸ್ವಲ್ಪ ಜೊಂಡು ಉಳಿಸಿ, ಅದಕ್ಕೆ ಅಡಗುದಾಣ ಬೇಕು. ಡಿಸೆಂಬರ್–ಜನವರಿಯಲ್ಲಿ ಮೈಮೇಲೆ ಕೆಂಪು ಹುಣ್ಣು ಮೊದಲು ಕಾಣುವುದು ಇದರಲ್ಲೇ. ಮಳೆ ನಿಂತ ಮೇಲೆ ಗುಂಟೆಗೆ 2 ಕಿಲೋ ಸುಣ್ಣ ಹಾಕಿ. ಹುಣ್ಣು ಬಂದರೆ ಸೈಫ್ಯಾಕ್ಸ್ ಔಷಧಿ ಒಂದು ಮೀಟರ್ ಆಳದ ಗುಂಟೆಗೆ 10 ಮಿ.ಲೀ. ನೀರಿನಲ್ಲಿ ಬೆರೆಸಿ ಚಿಮುಕಿಸಿ.

ಪ್ರಶ್ನೆ: ಮುಂಬಯಿಯಿಂದ ಗೆಳೆಯರು ಬಂದು ದಿನವಿಡೀ ಹಿಡಿದು ಬಿಟ್ಟು ಹೋಗುತ್ತಾರೆ. ಬುಧವಾರ, ಗುರುವಾರದ ಹೊತ್ತಿಗೆ ಮೈಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಮೂರ್ನಾಲ್ಕು ಮೀನು ಸಾಯುತ್ತವೆ. ಹಿಡಿದು ಬಿಡುವುದೇ ತಪ್ಪೇ? — ಪನ್ವೆಲ್

ಉತ್ತರ: ಬಿಡುವುದು ತಪ್ಪಲ್ಲ, ಮುಟ್ಟುವ ರೀತಿ ತಪ್ಪು. ಮೀನಿನ ಮೈಮೇಲಿನ ಲೋಳೆಯೇ ಅದರ ಚರ್ಮದ ಕಾವಲು. ಒಣ ಕೈ, ಒಣ ಟವೆಲ್, ಗಂಟು ಗಂಟಿನ ನೈಲಾನ್ ಬಲೆ, ಕಾದ ಸಿಮೆಂಟು ಕಟ್ಟೆ — ಇವು ತಗುಲಿದ ಕಡೆ ಲೋಳೆ ಕಿತ್ತು ಬರುತ್ತದೆ, ಎರಡು ದಿನದಲ್ಲಿ ಅಲ್ಲೇ ಬೂಷ್ಟು ಹಿಡಿಯುತ್ತದೆ. ಕೈ ನೆನೆಸಿಕೊಂಡೇ ಮೀನು ಮುಟ್ಟಬೇಕು. ಬಲೆ ರಬ್ಬರಿನದ್ದಿರಲಿ, ನೆಲಕ್ಕೆ ಒದ್ದೆ ಮಾಡಿದ ಫೋಮ್ ಹಾಸಿ. ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡಿ. ಮೂರು ಕೊಕ್ಕೆಯ ಗಾಳ ಬೇಡ. ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿದರೆ ಮೀನು ಸುಸ್ತಿನಿಂದಲೇ ಸಾಯುತ್ತದೆ, ದಾರ ಗಟ್ಟಿಯಿರಲಿ, ಬೇಗ ಎಳೆಯಲಿ. ಫೋಟೊಗೆ ಅರ್ಧ ನಿಮಿಷ, ಅಷ್ಟೇ. ನುಂಗಿದ ಗಾಳವನ್ನು ಕೀಳಬೇಡಿ, ದಾರ ಕತ್ತರಿಸಿ ಬಿಡಿ. ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ 9ರ ಮೇಲೆ ಗಾಳ ಹಾಕಬೇಡಿ. ಕಣಕ, ಹುರಿಗಡಲೆ ಹಿಟ್ಟು, ಪಾವ್ ಸೇರಿ ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಎರೆ ಸಾಕು. ಮಿಕ್ಕಿದ್ದು ತಳದಲ್ಲಿ ಹುಳಿಯುತ್ತದೆ.

ಎಲ್ಲವನ್ನೂ ಬಿಡಬೇಕಾಗಿಯೂ ಇಲ್ಲ. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಜಾತಿ, ಉದ್ದ, ಸುತ್ತಳತೆ ಬರೆದಿಡಿ. ತಕ್ಕಡಿ ಇಲ್ಲದೆಯೂ ತೂಕ ಅಂದಾಜಿಸಬಹುದು: ಸೆಂಟಿಮೀಟರಿನಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿ. 50 ಸೆಂ.ಮೀ. ಉದ್ದ, 33 ಸುತ್ತಳತೆಯ ರೋಹು ಸುಮಾರು 1.9 ಕಿಲೋ. ಅದೇ ಉದ್ದದ ಮೀನು ಹೋದ ವರ್ಷಕ್ಕಿಂತ ಹಗುರವಾಗಿದ್ದರೆ ಹೊಂಡದಲ್ಲಿ ಬಾಯಿ ಹೆಚ್ಚಾಗಿವೆ. ಆಗ ಮಧ್ಯಮ ಗಾತ್ರದ ಹತ್ತಿಪ್ಪತ್ತನ್ನು ಅಡುಗೆಮನೆಗೆ ಕೊಂಡೊಯ್ಯಿರಿ, ದೊಡ್ಡದನ್ನು ಬಿಡಿ.

ಪ್ರಶ್ನೆ: ರೋಹುವಿನ ಮೈಮೇಲೆ ಮಸೂರ ಬೇಳೆಯಂಥ ಚಪ್ಪಟೆ ಹುಳ. ದನದ ಉಣ್ಣೆಯ ಔಷಧಿ ಸುರಿಯಿರಿ ಎನ್ನುತ್ತಾರೆ. — ಹಡಪಸರ್, ಪುಣೆ

ಉತ್ತರ: ಅದು ಮೀನು ಹೇನು. ಅಳತೆ ತಿಳಿಯದೆ ಉಣ್ಣೆಯ ಔಷಧಿ ಸುರಿದರೆ ಮೀನು, ಏಡಿ, ಸಿಗಡಿ ಎಲ್ಲ ಹೋಗುತ್ತವೆ, ತೋಟದ ನೀರೂ ಕೆಡುತ್ತದೆ. ಹೇನಿನ ಮೊಟ್ಟೆ ಗಟ್ಟಿ ವಸ್ತುವಿಗೆ ಅಂಟಿಕೊಳ್ಳುತ್ತದೆ. ಅದನ್ನೇ ಬಲೆಯಾಗಿಸಿ. ಬಿದಿರಿನ ತಟ್ಟಿ, ಹಲಗೆ ಎಂಟು ಹತ್ತು ಕಡೆ ನೀರಿನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಎತ್ತಿ ಇಡೀ ದಿನ ಬಿಸಿಲಿಗೆ ಒಣಗಿಸಿ, ಮತ್ತೆ ಇಳಿಸಿ. ಮೊಟ್ಟೆ ಒಡೆಯಲು ವಾರಕ್ಕಿಂತ ಹೆಚ್ಚು ಬೇಕು, ಅಷ್ಟರೊಳಗೆ ಒಣಗಿ ಸಾಯುತ್ತವೆ. ಎರಡು ತಿಂಗಳು ಬಿಡದೆ ಮಾಡಿ. ಹೇನು ಹೆಚ್ಚಿದ ಹೊಂಡದಲ್ಲಿ ಸಾಮಾನ್ಯವಾಗಿ ಮೀನೂ ಹೆಚ್ಚಿರುತ್ತದೆ, ಬಲೆ ಹಾಕಿ ಕಡಿಮೆ ಮಾಡಿ. ಔಷಧಿಯೇ ಬೇಕಾದರೆ ಮೀನುಗಾರಿಕೆ ಇಲಾಖೆಯವರಿಗೆ ಅಥವಾ ಮುಂಬಯಿ ವರ್ಸೋವಾದ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯವರಿಗೆ ಮೀನು ತೋರಿಸಿ, ನೀರಿನ ಘನ ಅಳತೆ ಹೇಳಿ, ಬರೆಸಿಕೊಂಡೇ ಹಾಕಿ.

ಪ್ರಶ್ನೆ: ನೀರುಕಾಗೆಗಳಿಗೆ ಏನು ಮಾಡುವುದು? — ಬದ್ಲಾಪುರ

ಉತ್ತರ: ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅವನ್ನು ರಕ್ಷಿಸುತ್ತದೆ. ಹೊಂಡದ ಮೇಲೆ ಎರಡಡಿಗೊಂದರಂತೆ ದಪ್ಪ ನೈಲಾನ್ ದಾರವನ್ನು ಅಡ್ಡ ಎಳೆದು ಅಲ್ಲಲ್ಲಿ ಬಿಳಿ ಪಟ್ಟಿ ಕಟ್ಟಿ, ಹಕ್ಕಿಗೆ ಇಳಿಯಲೂ ಏಳಲೂ ಓಟದ ಜಾಗ ಸಿಗಬಾರದು. ತೆಳು ಬಲೆ ಹೊದಿಸಬೇಡಿ, ಸಿಕ್ಕಿ ಸಾಯುತ್ತವೆ. ಮರಿ ಬಿಟ್ಟ ಮೊದಲ ಮೂರು ತಿಂಗಳಿಗೆ ಈ ದಾರ ಸಾಕು. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಹೊರೆ ಕಟ್ಟಿ ತಳಕ್ಕೆ ಇಳಿಸಿದರೆ ಮರಿಗಳು ಒಳಗೆ ಅಡಗುತ್ತವೆ. ಗಾಳ ಹಾಕುವ ಕಡೆಯಿಂದ ದೂರ ಇಳಿಸಿ, ಇಲ್ಲವಾದರೆ ಪ್ರತಿ ಭಾನುವಾರ ದಾರ ಬಿಡಿಸುವುದೇ ಕೆಲಸವಾಗುತ್ತದೆ.